ಬಿಇ, ಬಿಎಸ್ಸಿ ಮುಗಿಸಿ ಅರ್ಥಶಾಸ್ತ್ರ ಎಂಎಗೆ: ಮಲೆನಾಡಿನ ಹುಡುಗ ಹುಡುಗಿಯರಿಗೆ ಒಂದು ದಾರಿ

ಡಿಸೆಂಬರ್ ಬಂತು ಅಂದರೆ, ಊರಲ್ಲಿ ಅಡಿಕೆ ಕೊಯ್ಲು ಜೋರಾಗಿರುವಾಗ, ನನಗೆ ಒಂದೇ ತರದ ಫೋನ್ ಬರುತ್ತದೆ. "ಅಕ್ಕಾ, ನಾನು ಬಿಇ ಕೊನೇ ವರ್ಷ. ಎಂಎ ಎಕನಾಮಿಕ್ಸ್ ಮಾಡಬೇಕು ಅಂತ ಇದೆ. ಆದ್ರೆ ಎಕನಾಮಿಕ್ಸ್ ಒಂದು ಪೇಪರೂ ಓದಿಲ್ಲ. ಆಗತ್ತಾ?"

ಆಗುತ್ತದೆ. ನಾನು ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿದೆ, ಆಮೇಲೆ ಅರ್ಥಶಾಸ್ತ್ರಕ್ಕೆ ಬಂದೆ. ಬರುವಾಗ ದಾರಿ ಹೇಳುವವರು ಯಾರೂ ಇರಲಿಲ್ಲ. ಹಾಗಾಗಿ ಒಂದು ವರ್ಷ ಹಾಳಾಯಿತು. ಆ ವರ್ಷ ನಿಮಗೆ ಹಾಳಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅರ್ಥಶಾಸ್ತ್ರ ಓದಿಲ್ಲ ಅನ್ನುವುದು ಅಷ್ಟು ದೊಡ್ಡ ತೊಂದರೆ ಅಲ್ಲ, ಅದನ್ನು ಎಂಟು ತಿಂಗಳಲ್ಲಿ ಕಲಿಯಬಹುದು. ಆಯ್ಕೆ ಮಾಡುವವರು ನೋಡುವುದು ಎರಡನ್ನು. ನಿಮ್ಮ ಗಣಿತ ಗಟ್ಟಿ ಇದೆಯಾ? ನಿಮಗೆ ಕೇಳಲು ನಿಮ್ಮದೇ ಒಂದು ಪ್ರಶ್ನೆ ಇದೆಯಾ?

ಅಲ್ಲಿ ಓದಿಸುವುದು ಏನು ಅಂತ ತಿಳಿದುಕೊಳ್ಳಿ

ಪತ್ರಿಕೆಯಲ್ಲಿ ಬಜೆಟ್ ಸುದ್ದಿ ಓದಿ ಇಷ್ಟವಾಯಿತು, ಹಾಗಾಗಿ ಅರ್ಥಶಾಸ್ತ್ರ ಓದುತ್ತೇನೆ ಅನ್ನುವವರು ಬಹಳ ಜನ. ಆಸಕ್ತಿ ಶುರುವಾಗಲು ಅದು ಸಾಕು. ಆದರೆ ಒಳ್ಳೆಯ ಕಡೆ ಎಂಎ ಅಥವಾ ಎಂಎಸ್ಸಿಗೆ ಸೇರಿದ ಮೊದಲ ವಾರದಲ್ಲೇ ಬೋರ್ಡಿನ ಮೇಲೆ ಬರುವುದು ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ. ಮೈಕ್ರೋ (ಮನೆ, ಕಂಪನಿಗಳ ಆರ್ಥಿಕ ನಿರ್ಧಾರ), ಮ್ಯಾಕ್ರೋ (ಇಡೀ ದೇಶದ ಅರ್ಥವ್ಯವಸ್ಥೆ), ಎಕನಾಮೆಟ್ರಿಕ್ಸ್ (ದತ್ತಾಂಶದಿಂದ ಆರ್ಥಿಕ ಸಂಬಂಧ ಅಳೆಯುವುದು) ಈ ಮೂರೂ ಗಣಿತದ ಭಾಷೆಯಲ್ಲೇ ನಡೆಯುತ್ತವೆ. ಹಾಗಾಗಿಯೇ ಇಂಜಿನಿಯರಿಂಗ್, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದವರಿಗೆ ಅಲ್ಲಿ ಜಾಗ ಇದೆ. 1969ರಲ್ಲಿ ಅರ್ಥಶಾಸ್ತ್ರದ ಮೊದಲ ನೊಬೆಲ್ ಹಂಚಿಕೊಂಡ ಯಾನ್ ಟಿನ್‌ಬರ್ಗನ್ ಡಾಕ್ಟರೇಟ್ ಮಾಡಿದ್ದು ಭೌತಶಾಸ್ತ್ರದಲ್ಲಿ. ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಘುರಾಮ್ ರಾಜನ್ ದೆಹಲಿ ಐಐಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು.

ಗಣಿತ ಅಂದ ಕೂಡಲೇ ಹೆದರಬೇಡಿ. ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಲೆಕ್ಕ ಹೇಳುತ್ತೇನೆ.

ಅಪ್ಪಯ್ಯ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಚೀಲ ಕಟ್ಟಿ ಇಟ್ಟಿದ್ದರು. ಮಾರುವುದೋ ಇಟ್ಟುಕೊಳ್ಳುವುದೋ ಅನ್ನುವ ಯೋಚನೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಧಾರಣೆ ಕ್ವಿಂಟಾಲಿಗೆ 48,000 ರೂಪಾಯಿ ಅಂತಿಟ್ಟುಕೊಳ್ಳಿ. ಕೈಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ 12, ಅಂದರೆ ತಿಂಗಳಿಗೆ ಒಂದು. ಇವತ್ತು ಮಾರಿ ಸಾಲ ತೀರಿಸಿದರೆ ತಿಂಗಳಿಗೆ 480 ರೂಪಾಯಿ ಬಡ್ಡಿ ಉಳಿಯುತ್ತದೆ. ಹಾಗಾದರೆ ಧಾರಣೆ ತಿಂಗಳಿಗೆ 480ಕ್ಕಿಂತ ಜಾಸ್ತಿ ಏರುತ್ತದೆ ಅನ್ನಿಸಿದರೆ ಮಾತ್ರ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ. ಅಪ್ಪಯ್ಯ ಹೇಳಿದ್ದು ಇಷ್ಟೇ: "ಏರೋ ಜೋರು ಬಡ್ಡಿ ಜೋರಿಗಿಂತ ಕಮ್ಮಿ ಆದ ದಿನ ಕೊಟ್ಟುಬಿಡೋದು."

ಮೂರು ವರ್ಷ ಆದಮೇಲೆ ತರಗತಿಯಲ್ಲಿ ಇದೇ ಮಾತು ಸಮೀಕರಣವಾಗಿ ಬಂತು. ಬೆಲೆಯ ಬೆಳವಣಿಗೆಯ ದರ ಬಡ್ಡಿ ದರಕ್ಕೆ ಸಮ ಆಗುವ ಕ್ಷಣ ಹುಡುಕಿ, ಅಂದರು. ಅವಕಲನ ಮಾಡಿ ಸೊನ್ನೆಗೆ ಸಮ ಮಾಡಿದರೆ ಉತ್ತರ. ಅಪ್ಪಯ್ಯ ಬಾಯಲ್ಲಿ ಮಾಡಿದ್ದನ್ನು ನಾನು ಕಾಗದದಲ್ಲಿ ಮಾಡಿದೆ. ಈ ಎರಡರ ನಡುವೆ ಓಡಾಡಲು ನಿಮಗೆ ಖುಷಿ ಆಗುತ್ತದೆ ಅಂದರೆ ಈ ವಿಷಯ ನಿಮಗೆ ಹೊಂದುತ್ತದೆ. ಖುಷಿ ಆಗದಿದ್ದರೆ ಎರಡು ವರ್ಷ ಕಷ್ಟವಾಗುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ.

ಅರ್ಹತೆಯ ಕಾಲಂ ಮೊದಲು ಓದಿ

ಇಲ್ಲಿ ಬಹಳ ಜನ ಎಡವುತ್ತಾರೆ. ಹತ್ತಿರದ್ದು ಸುಲಭ, ದೂರದ್ದು ಕಷ್ಟ ಅಂತ ನಾವು ಅಂದುಕೊಂಡಿರುತ್ತೇವೆ. ಬೇರೆ ವಿಷಯದಿಂದ ಬರುವವರಿಗೆ ಎಷ್ಟೋ ಸಲ ಇದು ಉಲ್ಟಾ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂಎ ಅರ್ಥಶಾಸ್ತ್ರಕ್ಕೆ ಪದವಿಯಲ್ಲಿ ಅರ್ಥಶಾಸ್ತ್ರವನ್ನು ಒಂದು ವಿಷಯವಾಗಿ ಓದಿರಬೇಕು ಅನ್ನುವ ನಿಯಮ ಸಾಮಾನ್ಯ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೇ ಆಗಲಿ, ಬೇರೆ ಯಾವುದೇ ಆಗಲಿ, ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಅರ್ಹತೆ ಏನು ಅಂತ ನೋಡಿಯೇ ಶುಲ್ಕ ಕಟ್ಟಿ. ಬಿಎಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ, ಬಿಕಾಂನವರಲ್ಲಿ ಕೆಲವರಿಗೆ ಇಲ್ಲಿ ದಾರಿ ತೆರೆದಿರಬಹುದು. ಬಿಇಯವರಿಗೆ ಮುಚ್ಚಿರುವ ಸಾಧ್ಯತೆ ಜಾಸ್ತಿ.

ದೇಶದ ಹೆಸರುವಾಸಿ ಸಂಸ್ಥೆಗಳು ಬೇರೆ ವಿಷಯದವರನ್ನೂ ಕರೆಯುತ್ತವೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ, ಕೋಲ್ಕತ್ತ ಮತ್ತು ದೆಹಲಿಯಲ್ಲಿ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಎಂಎಸ್ ನಡೆಸುತ್ತದೆ. ಇಂಜಿನಿಯರಿಂಗ್‌ನವರೂ ಗಣಿತ, ಭೌತಶಾಸ್ತ್ರದವರೂ ಅರ್ಜಿ ಹಾಕಬಹುದು, ಪಿಯುಸಿಯಲ್ಲಿ ಗಣಿತ ಇರಬೇಕು. ಅಲ್ಲಿ ಬೋಧನಾ ಶುಲ್ಕ ಇಲ್ಲ, ತಿಂಗಳಿಗೆ ಸ್ಟೈಪೆಂಡ್ ಕೂಡ ಕೊಡುತ್ತಾರೆ. ನಮ್ಮಂಥ ಮನೆಗಳಿಗೆ ಇದು ದೊಡ್ಡ ವಿಷಯ. ಮುಂಬೈಯಲ್ಲಿ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಇದೆ, ರಿಸರ್ವ್ ಬ್ಯಾಂಕ್ 1987ರಲ್ಲಿ ಕಟ್ಟಿದ್ದು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಅದನ್ನು 1949ರಲ್ಲಿ ಕಟ್ಟಿದ ವಿಕೆಆರ್‌ವಿ ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಅನ್ನುವ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆಯನ್ನೂ ಕಟ್ಟಿದರು. ಬೆಂಗಳೂರಿನಲ್ಲೇ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳಿವೆ. ಅಜೀಂ ಪ್ರೇಮ್‌ಜಿಯಲ್ಲಿ ಮನೆಯ ಆದಾಯ ನೋಡಿ ಶುಲ್ಕ ಕಡಿಮೆ ಮಾಡುವ ವ್ಯವಸ್ಥೆ ಇದೆ.

ಪಿಯುಸಿಯಲ್ಲಿ ಗಣಿತ ಬಿಟ್ಟವರು ಕೇಳುತ್ತಾರೆ, ನಮಗೆ ದಾರಿಯೇ ಇಲ್ವಾ ಅಂತ. ಐಎಸ್‌ಐ ಕಷ್ಟ. ಆದರೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಎಂಎ ಅರ್ಥಶಾಸ್ತ್ರಕ್ಕೆ ಯಾವ ವಿಷಯದ ಪದವಿ ಆದರೂ ಸಾಕು. ಮನೆಯಲ್ಲೇ ಇದ್ದು, ಕೆಲಸ ಮಾಡುತ್ತಲೇ ಓದಬಹುದು. ತೋಟ ನೋಡಿಕೊಳ್ಳುತ್ತಾ ಹಾಗೆ ಮುಗಿಸಿದವರು ನನಗೆ ಗೊತ್ತು.

ಯಾವ ಪರೀಕ್ಷೆ, ಯಾವ ತಿಂಗಳು

ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿ. ತಾರೀಖು ಪ್ರತಿ ವರ್ಷ ಸ್ವಲ್ಪ ಆಚೀಚೆ ಆಗುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ ಇರುತ್ತದೆ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಐಐಟಿಗಳ ಎಂಎಸ್ಸಿಯಂಥ ಕೋರ್ಸ್‌ಗಳ ಪ್ರವೇಶಕ್ಕೆ ನಡೆಯುವ ಜ್ಯಾಮ್ ಪರೀಕ್ಷೆಗೆ ಅರ್ಜಿ. ಪರೀಕ್ಷೆ ಫೆಬ್ರವರಿಯಲ್ಲಿ. ಅದರಲ್ಲಿ ಅರ್ಥಶಾಸ್ತ್ರದ್ದೇ ಒಂದು ಪೇಪರ್ ಇದೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೈಕ್ರೋ, ಮ್ಯಾಕ್ರೋ, ಸಂಖ್ಯಾಶಾಸ್ತ್ರ, ಗಣಿತ, ಭಾರತದ ಅರ್ಥವ್ಯವಸ್ಥೆ ಎಲ್ಲ ಬರುತ್ತದೆ. ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಿಗೆ ಮಾತ್ರ ನೆಗೆಟಿವ್ ಅಂಕ. ಸಂಖ್ಯೆ ಟೈಪ್ ಮಾಡುವ ಪ್ರಶ್ನೆಗಳಿಗೆ ಇಲ್ಲ, ಅವನ್ನು ಖಾಲಿ ಬಿಡಬೇಡಿ.

ಡಿಸೆಂಬರ್, ಜನವರಿಯಲ್ಲಿ ಸಿಯುಇಟಿ ಪಿಜಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಅರ್ಜಿ, ಮಾರ್ಚ್‌ನಲ್ಲಿ ಪರೀಕ್ಷೆ. ದೆಹಲಿ ಸ್ಕೂಲ್, ಜೆಎನ್‌ಯು, ಹೈದರಾಬಾದ್ ವಿಶ್ವವಿದ್ಯಾಲಯ ಇವೆಲ್ಲ ಇದರ ಮೂಲಕ ಸೀಟು ಕೊಡುತ್ತವೆ. ಈಗಿನ ಮಾದರಿಯಲ್ಲಿ 90 ನಿಮಿಷಕ್ಕೆ 75 ಪ್ರಶ್ನೆ. ಸರಿಗೆ ನಾಲ್ಕು, ತಪ್ಪಿಗೆ ಒಂದು ಹೋಗುತ್ತದೆ. ಪ್ರಶ್ನೆಗಳು ತೀರಾ ಆಳ ಅಲ್ಲ, ಆದರೆ ಕೈ ಓಡಬೇಕು. ಗಮನಿಸಿ, ಸಿಯುಇಟಿ ಬರೆದರೆ ಕೆಲಸ ಮುಗಿಯಲಿಲ್ಲ. ಫಲಿತಾಂಶ ಬಂದಮೇಲೆ ಪ್ರತಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಬೇರೆ ಬೇರೆಯಾಗಿ ನೋಂದಣಿ ಮಾಡಬೇಕು. ಒಳ್ಳೆ ಅಂಕ ಇಟ್ಟುಕೊಂಡು, ಇದು ಗೊತ್ತಿಲ್ಲದೆ ಸುಮ್ನೆ ಕೂತು ಸೀಟು ಕಳೆದುಕೊಂಡವರಿದ್ದಾರೆ.

ಮಾರ್ಚ್ ಆಸುಪಾಸು ಐಎಸ್‌ಐ ಅರ್ಜಿ, ಮೇ ತಿಂಗಳಲ್ಲಿ ಪರೀಕ್ಷೆ. ಬೆಳಿಗ್ಗೆ ಬಹು ಆಯ್ಕೆಯ ಪೇಪರ್, ಪೂರ್ತಿ ಗಣಿತದ್ದು. ಮಧ್ಯಾಹ್ನ ಬಿಡಿಸಿ ಬರೆಯುವ ಪೇಪರ್, ಗಣಿತ ಮತ್ತು ಅರ್ಥಶಾಸ್ತ್ರ ಸೇರಿದ್ದು. ಪಾಸಾದರೆ ಸಂದರ್ಶನ. ಹಳೆಯ ಪ್ರಶ್ನೆಪತ್ರಿಕೆಗಳು ಐಎಸ್‌ಐ ಜಾಲತಾಣದಲ್ಲೇ ಸಿಗುತ್ತವೆ. ಬೇರೆ ಸಂಸ್ಥೆಗಳಿಗೆ ಅರ್ಜಿ ಹಾಕುವುದಾದರೂ ಈ ಪತ್ರಿಕೆಗಳನ್ನು ಬಿಡಿಸಿ. ಇದಕ್ಕಿಂತ ಒಳ್ಳೆ ತಾಲೀಮು ಇಲ್ಲ.

ಪರೀಕ್ಷಾ ಕೇಂದ್ರದ ಪಟ್ಟಿಯಲ್ಲಿ ನಮ್ಮ ಊರು ಇದೆಯಾ ಅಂತ ಅರ್ಜಿ ತುಂಬುವಾಗಲೇ ನೋಡಿ. ಬೆಂಗಳೂರಿಗೆ ಹೋಗಬೇಕಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಿಗ್ಗೆ ಗಣಿತ ಬಿಡಿಸಲು ಆಗುವುದಿಲ್ಲ.

ಎಂಟು ತಿಂಗಳ ಓದು

ಜೂನ್‌ನಲ್ಲಿ ಶುರು ಮಾಡಿದರೆ ಆರಾಮ. ಹೊರಗೆ ಮಳೆ, ಎಲ್ಲಿಗೂ ಹೋಗಲಾಗದು, ಓದಲು ನಮ್ಮ ಕಡೆ ಇದಕ್ಕಿಂತ ಒಳ್ಳೆ ಕಾಲ ಎಲ್ಲಿದೆ?

ಮೊದಲ ಎರಡು ತಿಂಗಳು ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಅರ್ಥಶಾಸ್ತ್ರ ಪುಸ್ತಕ ಓದಿ. ಉಚಿತವಾಗಿ ಡೌನ್‌ಲೋಡ್ ಆಗುತ್ತದೆ. ಸಣ್ಣವರ ಪುಸ್ತಕ ಅಂತ ಬಿಡಬೇಡಿ. ಬೇಡಿಕೆ, ಪೂರೈಕೆ, ರಾಷ್ಟ್ರೀಯ ಆದಾಯ ಈ ಪದಗಳು ಕೈಗೆ ಹತ್ತುವುದು ಅಲ್ಲೇ. ಜೊತೆಜೊತೆಗೆ ಗಣಿತ ಮತ್ತೆ ಹಿಡಿಯಿರಿ. ಒಂದು ಚಲಕದ ಅವಕಲನ, ಆಮೇಲೆ ಎರಡು ಚಲಕದ್ದು, ಲಗ್ರಾಂಜ್ ವಿಧಾನ, ಮ್ಯಾಟ್ರಿಕ್ಸ್, ಬೇಯ್ಸ್ ನಿಯಮ, ನಿರೀಕ್ಷಿತ ಮೌಲ್ಯ. ಇಂಜಿನಿಯರಿಂಗ್‌ನವರು ಇದೆಲ್ಲ ಪಾಸಾಗಿರುತ್ತಾರೆ, ನೆನಪಿರುವುದಿಲ್ಲ. ನಾನು ಹಾಗೇ ಇದ್ದೆ. ನಾಲ್ಕು ಸೆಮಿಸ್ಟರ್ ಗಣಿತದಲ್ಲಿ ಒಳ್ಳೆ ಅಂಕ ಬಂದಿತ್ತು, ಆದರೆ ಹಳೇ ಪ್ರಶ್ನೆಗಳ ಮಾದರಿ ನೋಡಿ ಬರೆದಿದ್ದೆ. "ಈ ಫಲನ ಕಾನ್‌ಕೇವ್ (ನಿಮ್ನ) ಅಂತ ಸಾಧಿಸಿ" ಅಂದಾಗ ಪೆನ್ನು ನಿಂತುಹೋಯಿತು. ಸೂತ್ರ ಹಾಕುವುದು ಬೇರೆ, ಯಾಕೆ ಅಂತ ಸಾಧಿಸುವುದು ಬೇರೆ. ಈ ಎರಡನೆಯದಕ್ಕೆ ದಿನಕ್ಕೆ ಒಂದು ಗಂಟೆ ಬೇರೆಯಾಗಿ ಇಡಿ.

ಮೂರನೇ ತಿಂಗಳಿಂದ ಪದವಿ ಮಟ್ಟದ ಮೈಕ್ರೋ. ಹ್ಯಾಲ್ ವೇರಿಯನ್ ಅವರ ಮಧ್ಯಮ ಹಂತದ ಮೈಕ್ರೋ ಪಠ್ಯವನ್ನು ಹೆಚ್ಚಿನವರು ಬಳಸುತ್ತಾರೆ, ನಾನೂ ಅದನ್ನೇ ಓದಿದೆ. ಒಂದು ಅಧ್ಯಾಯ ಓದಿ, ಅದರ ಲೆಕ್ಕ ಪೂರ್ತಿ ಮಾಡಿ, ಆಮೇಲೆ ಮುಂದೆ ಹೋಗಿ. ಮ್ಯಾಕ್ರೋಗೆ ಅಷ್ಟು ಸಮಯ ಬೇಡ. ಎಕನಾಮೆಟ್ರಿಕ್ಸ್‌ನಲ್ಲಿ ಸರಳ ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ದತ್ತಾಂಶದಿಂದ ಅಂದಾಜು ಮಾಡುವುದು) ಅರ್ಥವಾದರೆ ಪ್ರವೇಶಕ್ಕೆ ಸಾಕು. ಸರ್ಕಾರದ ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆಯಲು ಮಾತ್ರ ಶುಲ್ಕ. ಒಂದೆರಡು ಪರೀಕ್ಷೆ ಬರೆಯಿರಿ. "ನಾನು ಅರ್ಥಶಾಸ್ತ್ರ ಕಲಿತಿದ್ದೇನೆ" ಅನ್ನುವುದಕ್ಕೆ ಅಂಕಪಟ್ಟಿಯಲ್ಲಿ ಇಲ್ಲದ ಸಾಕ್ಷಿ ಅದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಉಪಾಯ. ನೋಟ್‌ಬುಕ್ಕಿನ ಹಾಳೆ ಮಧ್ಯೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ಅರ್ಥ ನಿಮ್ಮ ಮಾತಲ್ಲಿ ಬರೆಯಿರಿ. ಇಲಾಸ್ಟಿಸಿಟಿ ಎದುರಿಗೆ ನಾನು ಬರೆದುಕೊಂಡದ್ದು: "ರೇಟು ಒಂಚೂರು ಏರಿದ್ರೆ ಜನ ಎಷ್ಟು ಬಿಡ್ತಾರೆ?" ಉಪ್ಪು ಬಿಡುವುದಿಲ್ಲ, ಹೋಟೆಲಿನ ದೋಸೆ ಬಿಡುತ್ತಾರೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ನನಗೆ ನೆನಪಾದದ್ದು ಪುಸ್ತಕದ ವ್ಯಾಖ್ಯೆ ಅಲ್ಲ, ಈ ಸಾಲು.

ಒಂದು ಸಣ್ಣ ಕೆಲಸ ಮಾಡಿ ತೋರಿಸಿ

ಕಡ್ಡಾಯ ಅಲ್ಲ. ಆದರೆ ಸಂದರ್ಶನ ಇರುವ ಕಡೆ, ಉದ್ದೇಶ ಪತ್ರ (ಈ ಕೋರ್ಸ್ ಯಾಕೆ ಬೇಕು ಅಂತ ನೀವೇ ಬರೆಯುವ ಪತ್ರ) ಕೇಳುವ ಕಡೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಎಪಿಎಂಸಿಗಳ ಧಾರಣೆ ದಿನದಿನವೂ ಸಿಗುತ್ತದೆ. ಶಿವಮೊಗ್ಗ, ಸಾಗರ ಎರಡರದ್ದೂ ರಾಶಿ ಅನ್ನುವ ಬಗೆಯ ಅಡಿಕೆಯ ಒಂದು ವರ್ಷದ ಧಾರಣೆ ತೆಗೆದುಕೊಳ್ಳಿ. ಎರಡು ಪೇಟೆಯ ಬೆಲೆ ಒಟ್ಟಿಗೆ ಏರಿಳಿಯುತ್ತದಾ? ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ಎಷ್ಟು ದಿನಕ್ಕೆ ಬೀಳುತ್ತದೆ? ಆರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದು ಗ್ರಾಫ್ ಮಾಡಿ. ನಾಲ್ಕು ಪುಟದ ವರದಿ ಬರೆಯಿರಿ. ಉತ್ತರ ದೊಡ್ಡದಾಗಿರಬೇಕಿಲ್ಲ. ದತ್ತಾಂಶದಲ್ಲಿ ಯಾವ ದಿನ ಖಾಲಿ ಇತ್ತು, ನೀವು ಅದಕ್ಕೆ ಏನು ಮಾಡಿದಿರಿ ಅನ್ನುವುದನ್ನು ಪ್ರಾಮಾಣಿಕವಾಗಿ ಬರೆದರೆ ಅದೇ ಹೆಚ್ಚು.

ಉದ್ದೇಶ ಪತ್ರ

ಸಿಯುಇಟಿ, ಜ್ಯಾಮ್ ಮೂಲಕ ಹೋಗುವವರಿಗೆ ಇದು ಸಾಮಾನ್ಯವಾಗಿ ಬೇಡ. ಹೊರದೇಶಕ್ಕೆ, ಕೆಲವು ಖಾಸಗಿ ವಿಶ್ವವಿದ್ಯಾಲಯಗಳಿಗೆ ಬೇಕು. ಸಂದರ್ಶನದಲ್ಲಿ "ಯಾಕೆ ಅರ್ಥಶಾಸ್ತ್ರ?" ಅನ್ನುವುದಕ್ಕೆ ಉತ್ತರವೂ ಇದೇ. ಹಾಗಾಗಿ ಎಲ್ಲರೂ ಒಮ್ಮೆ ಬರೆದು ನೋಡಬೇಕು.

ನನ್ನ ಮೊದಲ ಪತ್ರದ ಆರಂಭ ಹೀಗಿತ್ತು: "ಚಿಕ್ಕಂದಿನಿಂದಲೂ ನನಗೆ ಸಮಾಜದ ಸಮಸ್ಯೆಗಳ ಬಗ್ಗೆ ಅಪಾರ ಕಳಕಳಿ. ದೇಶದ ಅಭಿವೃದ್ಧಿಗೆ ಕೊಡುಗೆ ನೀಡಬೇಕೆಂಬುದು ನನ್ನ ಕನಸು." ಇದರಲ್ಲಿ ಸುಳ್ಳಿಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಓದಿದವರಿಗೆ ನನ್ನ ಬಗ್ಗೆ ಏನೂ ತಿಳಿಯುವುದಿಲ್ಲ. ಆ ವರ್ಷ ಎಲ್ಲಿಯೂ ಆಗಲಿಲ್ಲ.

ಮುಂದಿನ ವರ್ಷ ಚೇಣಿಯ ಬಗ್ಗೆ ಬರೆದೆ. ನಮ್ಮ ಕೇರಿಯಲ್ಲಿ ಕೆಲವರು ಅಡಿಕೆಯನ್ನು ತಾವೇ ಕೊಯ್ಯಿಸಿ, ಸುಲಿಸಿ, ಒಣಗಿಸಿ ಮಂಡಿಗೆ ಹಾಕುತ್ತಾರೆ. ಕೆಲವರು ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುತ್ತಾರೆ, ಕೊಯ್ಲು, ಸುಲಿತ, ಒಣಗಿಸುವುದು ಎಲ್ಲ ಚೇಣಿದಾರನ ತಲೆನೋವು. ತೋಟ ಅಷ್ಟೇ ದೊಡ್ಡದು, ಬೇಲಿ ಆಚೆ ಈಚೆ, ಆದರೂ ಒಬ್ಬರು ಕೊಡುತ್ತಾರೆ, ಒಬ್ಬರು ಕೊಡುವುದಿಲ್ಲ. ಯಾಕೆ? ಮನೆಯಲ್ಲಿ ಆಳು ಇಲ್ಲದ್ದಕ್ಕಾ? ಮುಂಗಡ ಹಣ ಬೇಕಾಗಿದ್ದಕ್ಕಾ? ಮಳೆ ಬಂದರೆ ಅಡಿಕೆ ಹಾಳಾಗುವ ಭಯಕ್ಕಾ? ಮೂರು ಮನೆಯವರನ್ನು ಕೇಳಿದೆ. ಮೂವರೂ ಬೇರೆ ಬೇರೆ ಕಾರಣ ಹೇಳಿದರು. ಪಕ್ಕದ ಮನೆ ದೊಡ್ಡಮ್ಮ ಅಂದದ್ದನ್ನು ಹಾಗೇ ಹಾಕಿದೆ: "ರೊಕ್ಕ ಕಮ್ಮಿ ಆದ್ರೂ ರಾತ್ರಿ ನಿದ್ದೆ ಬರತ್ತಲ ಮಾರಾಯ್ತಿ." ನಿದ್ದೆಗೆ ಅವರು ಕೊಡುತ್ತಿದ್ದ ಆ ಬೆಲೆಯನ್ನು ಅರ್ಥಶಾಸ್ತ್ರದಲ್ಲಿ ರಿಸ್ಕ್ ಪ್ರೀಮಿಯಂ ಅನ್ನುತ್ತಾರೆ, ಅದನ್ನು ಅಳೆಯುವುದು ಕಲಿಯಬೇಕು, ಅದಕ್ಕೆ ನನ್ನ ಇಂಜಿನಿಯರಿಂಗ್ ಗಣಿತ ಇಷ್ಟು ದೂರ ತಂದಿದೆ, ಇಲ್ಲಿಂದ ಮುಂದೆ ನಿಮ್ಮ ಇಂಥ ಕೋರ್ಸ್ ಬೇಕು ಅಂತ ಬರೆದೆ. ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಚೇಣಿಯ ಬಗ್ಗೆಯೇ ಮಾತಾಡಿದರು.

ನಮ್ಮ ಜಿಲ್ಲೆಯಲ್ಲಿ ಇಂಥ ಪ್ರಶ್ನೆಗಳಿಗೆ ಬರ ಇಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ಅಳೆಯುವ ಕೊಳಗದ್ದೇ ಜಗಳ. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರಿಗೆ ಜಮೀನು ಬಂತು, ಆ ಮನೆಗಳ ಮಕ್ಕಳ ಓದು ಏನಾಯಿತು? ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟವರು ಈಗ ಹೇಗಿದ್ದಾರೆ? ಇವನ್ನೇ ಎತ್ತಿ ಬರೆಯಬೇಡಿ. ನಿಮ್ಮ ಮನೆಯ ಹತ್ತಿರ ನೋಡಿ, ನಿಮ್ಮದು ಸಿಗುತ್ತದೆ.

"ಬಿಇ ಇಷ್ಟ ಇರಲಿಲ್ಲ, ಮನೆಯವರು ಸೇರಿಸಿದರು" ಅಂತ ಮಾತ್ರ ಬರೆಯಬೇಡಿ. ನಿಜವೇ ಇರಬಹುದು. ಆದರೆ ಅಲ್ಲಿ ಕಲಿತ ಗಣಿತ, ಕೋಡಿಂಗ್ ನಿಮ್ಮ ಬಂಡವಾಳ. ಅದನ್ನು ನೀವೇ ತೆಗೆದು ಆಚೆ ಇಡಬಾರದು.

ಶಿಫಾರಸು ಪತ್ರ

ಎಚ್‌ಒಡಿ ಹತ್ತಿರವೇ ತೆಗೆದುಕೊಳ್ಳಬೇಕು ಅಂತ ಒಂದು ನಂಬಿಕೆ ಇದೆ. ಬೇಕಿಲ್ಲ. ನಿಮ್ಮನ್ನು ಬಲ್ಲ ಗಣಿತದ ಮೇಡಂ ಬರೆದ ಅರ್ಧ ಪುಟ, ಹೆಸರು ನೆನಪಿಲ್ಲದ ಪ್ರಿನ್ಸಿಪಾಲರ ಎರಡು ಪುಟಕ್ಕಿಂತ ತೂಕ. ಕನಿಷ್ಠ ಆರು ವಾರ ಮೊದಲು ಕೇಳಿ. "ಮೇಡಂ, ನಿಮ್ಮ ಕ್ಲಾಸಲ್ಲಿ ನಾನು ಇಂಥ ಸೆಮಿಸ್ಟರ್ ಇದ್ದೆ, ಇಷ್ಟು ಅಂಕ, ಈ ಪ್ರಾಜೆಕ್ಟ್ ಮಾಡಿದ್ದೆ" ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಕೆಲವರು "ನೀನೇ ಬರ್ಕೊಂಡು ಬಾ, ಸಹಿ ಹಾಕ್ತೀನಿ" ಅನ್ನುತ್ತಾರೆ. ಆಗ ಆ ಹಾಳೆ ಕೊಟ್ಟು, "ಮೇಡಂ, ನೀವೇ ಬರೆದರೆ ನನಗೆ ಅನುಕೂಲ" ಅಂತ ವಿನಯದಿಂದ ಹೇಳಿ. ಹೆಚ್ಚಿನವರು ಒಪ್ಪುತ್ತಾರೆ. ಹೊರದೇಶದ ಅರ್ಜಿಯಲ್ಲಿ ಪತ್ರವನ್ನು ಅವರೇ ನೇರವಾಗಿ ಅಪ್‌ಲೋಡ್ ಮಾಡಬೇಕು. ಕಾಲೇಜಿನ ಇಮೇಲ್ ವಿಳಾಸ ಇದ್ದರೆ ಒಳ್ಳೆಯದು.

ಸರ್ಟಿಫಿಕೇಟು: ಇದನ್ನು ಎರಡು ಸಲ ಓದಿ

ನನ್ನ ಕಥೆ ಕೇಳಿ. ಸೀಟು ಸಿಕ್ಕಿತು. ದಾಖಲಾತಿ ದಿನ ರೈಲಿಳಿದು ಹೋಗಿ ಸಾಲಲ್ಲಿ ನಿಂತೆ. ಕೌಂಟರಿನವರು ನನ್ನ ಜಾತಿ ಪ್ರಮಾಣಪತ್ರ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅದು ರಾಜ್ಯದ ನಮೂನೆಯದು, ಪ್ರವರ್ಗ ಅಂತ ಇತ್ತು. ಕೇಂದ್ರದ ಸಂಸ್ಥೆಗಳಿಗೆ ಬೇಕಾದದ್ದು ಕೇಂದ್ರ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಪ್ರಮಾಣಪತ್ರ. ಎರಡೂ ಒಂದೇ ಅಂದುಕೊಂಡಿದ್ದೆ. ಹದಿನೈದು ದಿನ ಸಮಯ ಕೊಟ್ಟರು. ಮತ್ತೆ ಊರಿಗೆ ಬಂದು, ಮಳೆಯಲ್ಲಿ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಓಡಾಡಿ, ಹದಿಮೂರನೇ ದಿನ ಕೈಗೆ ಬಂತು.

ನೀವು ಹೀಗೆ ಮಾಡಿ. ಒಂದು: ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿ. ರಾಜ್ಯದ ಪಟ್ಟಿಯಲ್ಲಿ ಇದ್ದದ್ದು ಅಲ್ಲಿ ಇರಲೇಬೇಕು ಅಂತಿಲ್ಲ. ಎರಡು: ಕೇಂದ್ರ ನಮೂನೆಯಲ್ಲೇ ಅಂತ ಸ್ಪಷ್ಟವಾಗಿ ಕೇಳಿ ಅರ್ಜಿ ಹಾಕಿ. ಮೂರು: ತಾರೀಖು ನೋಡಿ. ಹೆಚ್ಚಿನ ಸಂಸ್ಥೆಗಳು ಆ ಆರ್ಥಿಕ ವರ್ಷದ, ಅಂದರೆ ಏಪ್ರಿಲ್ 1ರ ನಂತರದ ಪ್ರಮಾಣಪತ್ರವನ್ನೇ ಕೇಳುತ್ತವೆ. ಕ್ರೀಮಿ ಲೇಯರ್‌ನ 8 ಲಕ್ಷದ ಮಿತಿ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸಂಬಳವನ್ನೂ ಸೇರಿಸುವುದಿಲ್ಲ. ತೋಟದ ಆದಾಯ ಇದೆ, ನಮಗೆ ಸಿಗಲ್ಲ ಅಂತ ಬಿಟ್ಟವರು ಇದನ್ನು ಗಮನಿಸಿ.

ಇಡಬ್ಲ್ಯೂಎಸ್, ಅಂದರೆ ಬೇರೆ ಮೀಸಲಾತಿ ಇಲ್ಲದ ಬಡ ಮನೆಗಳ ಮೀಸಲಾತಿಯ ಲೆಕ್ಕ ಬೇರೆ. ಅಲ್ಲಿ ಕೃಷಿಯೂ ಸೇರಿ ಎಲ್ಲ ಆದಾಯ 8 ಲಕ್ಷದ ಒಳಗಿರಬೇಕು, ಜೊತೆಗೆ ಮನೆಯವರ ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ಪಹಣಿಯಲ್ಲಿ ಅಜ್ಜನ ಹೆಸರಲ್ಲೇ ಜಂಟಿಯಾಗಿ ಉಳಿದ ಜಮೀನು ನಮ್ಮ ಕಡೆ ಬಹಳ. ಅದನ್ನು ಹೇಗೆ ಲೆಕ್ಕ ಹಾಕುತ್ತಾರೆ ಅಂತ ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಮೊದಲೇ ಮಾತಾಡಿ.

ಖರ್ಚಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ನೋಡಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ತೋಟ ಅಡ ಇಡುವ ಮೊದಲು ಇದನ್ನು ಕೇಳಿ ನೋಡಿ.

ಹೊರದೇಶ

ಇದಕ್ಕೆ ಬೇರೆಯೇ ಲೇಖನ ಬೇಕು, ಮುಖ್ಯವಾದ್ದನ್ನಷ್ಟೇ ಹೇಳುತ್ತೇನೆ. ಅಮೆರಿಕದಲ್ಲಿ ಎಂಎ ಇಲ್ಲದೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಅಲ್ಲಿ ಶುಲ್ಕ ಮಾಫಿ ಮಾಡಿ ಸ್ಟೈಪೆಂಡ್ ಕೊಡುವುದು ರೂಢಿ. ಡಿಸೆಂಬರ್ ಸುಮಾರಿಗೆ ಕೊನೆಯ ದಿನ. ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯ ಗಣಿತ ಭಾಗದಲ್ಲಿ ಪೂರ್ಣ ಅಂಕ 170ಕ್ಕೆ ಹತ್ತಿರ ಹತ್ತಿರ ಬೇಕು. ರಿಯಲ್ ಅನಾಲಿಸಿಸ್ (ಕಲನಶಾಸ್ತ್ರದ ನಿಯಮಗಳನ್ನು ಬುಡದಿಂದ ಸಾಧಿಸುವ ಗಣಿತ) ಓದಿದ್ದರೆ ಅದಕ್ಕೆ ಬಹಳ ಬೆಲೆ, ಬಿಎಸ್ಸಿ ಗಣಿತದವರು ಇಲ್ಲಿ ಬಿಇಯವರಿಗಿಂತ ಮುಂದೆ. ಜರ್ಮನಿಯ ಬಾನ್‌ನಂಥ ಕಡೆ ಬೋಧನಾ ಶುಲ್ಕ ಇಲ್ಲ, ಆದರೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಅರ್ಥಶಾಸ್ತ್ರದ ಇಂತಿಷ್ಟು ಕ್ರೆಡಿಟ್ ಇರಲೇಬೇಕು ಅನ್ನುತ್ತವೆ. ಬೇರೆ ವಿಷಯದವರಿಗೆ ಅದೇ ತಡೆ. ಹಾಗಾಗಿ ಇಲ್ಲಿ ಎಂಎ ಮುಗಿಸಿ ಆಮೇಲೆ ಹೊರಗೆ ಹೋಗುವುದು ನಮ್ಮಂಥವರಿಗೆ ಹೆಚ್ಚು ಗಟ್ಟಿ ದಾರಿ ಅಂತ ನನ್ನ ಅಭಿಪ್ರಾಯ. ಎಂಐಟಿಯ ಮೈಕ್ರೋಮಾಸ್ಟರ್ಸ್ ಅನ್ನುವ ಆನ್‌ಲೈನ್ ಕೋರ್ಸ್ ಸರಣಿ ಇದೆ. ದತ್ತಾಂಶ, ಅರ್ಥಶಾಸ್ತ್ರ, ನೀತಿಯ ಬಗ್ಗೆ. 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೋ ಅದರಲ್ಲಿ ಪಾಠ ಮಾಡುತ್ತಾರೆ, ಆದಾಯ ನೋಡಿ ಶುಲ್ಕ ಇಳಿಸುತ್ತಾರೆ. ಕಷ್ಟದ ಕೋರ್ಸ್, ಆದರೆ ಬೇರೆ ವಿಷಯದವರಿಗೆ ಹೇಳಿ ಮಾಡಿಸಿದ್ದು.

ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ) ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ಬಿಇಯವರಿಗೆ ಅದು ಬೆಳಗಾವಿಯ ವಿಟಿಯುನಿಂದ, ಇಲ್ಲಿನ ಪದವಿ ಕಾಲೇಜಿನವರಿಗೆ ಶಂಕರಘಟ್ಟದಿಂದ ಬರಬೇಕು.

ಮನೆಯಲ್ಲಿ ಹೇಳುವುದು

"ಬಿಇ ಮಾಡಿ ಮತ್ತೆ ಎಂಎ ಎಂತಕ್ಕೆ?" ಅಂತ ಅಪ್ಪಯ್ಯ ಕೇಳಿದ್ದರು. ಅದು ಸಿಟ್ಟಲ್ಲ, ಭಯ. ಸ್ಪಷ್ಟ ಉತ್ತರ ಇಟ್ಟುಕೊಳ್ಳಿ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆ ಬರೆಯಲು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರ ವಿಭಾಗದ ಗ್ರೇಡ್ ಬಿ ಅಧಿಕಾರಿ ಹುದ್ದೆಗೂ ಈ ಪದವಿ ಇದ್ದರೆ ಅರ್ಜಿ ಹಾಕಬಹುದು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಪಾಸಾದರೆ ಕಾಲೇಜಿನಲ್ಲಿ ಪಾಠ ಮಾಡಬಹುದು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ, ಕಂಪನಿಗಳ ದತ್ತಾಂಶ ವಿಭಾಗಗಳಲ್ಲಿ ಕೆಲಸ ಇದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಅದನ್ನು ಮಂಡಿ ಪಟ್ಟಿಯ ಜೊತೆ ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ "ಫೀಸು ಎಷ್ಟು?" ಅಂತ ಕೇಳಿದರು.

ಅರ್ಜಿ ಹಾಕುವಾಗ, ಹೊರಡುವಾಗ

ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲೇ ಅರ್ಜಿ ಸಲ್ಲಿಸಿ. ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ. ಫೋಟೋ, ಸಹಿ, ಅಂಕಪಟ್ಟಿಗಳನ್ನು ಕೇಳಿದ ಅಳತೆಗೆ ಮೊದಲೇ ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮತ್ತು ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆ ಬೇರೆ ಇದ್ದರೆ ಈಗಲೇ ಸರಿ ಮಾಡಿಸಿ. ಒಂದೇ ಸಂಸ್ಥೆ ನಂಬಿ ಕೂರಬೇಡಿ, ನಾಲ್ಕೈದು ಕಡೆ ಹಾಕಿ. ವೇಟಿಂಗ್ ಲಿಸ್ಟ್‌ನಲ್ಲಿ ಇದ್ದರೆ ಜುಲೈ, ಆಗಸ್ಟ್‌ವರೆಗೂ ಇಮೇಲ್ ನೋಡುತ್ತಲೇ ಇರಿ, ಸ್ಪಾಟ್ ಸುತ್ತಿನಲ್ಲಿ ಸಿಕ್ಕವರು ಬಹಳ.

ಸೀಟು ಸಿಕ್ಕಿದ ಕೂಡಲೇ ವಿಶ್ವವಿದ್ಯಾಲಯದಿಂದ ಮೈಗ್ರೇಶನ್ ಸರ್ಟಿಫಿಕೇಟು, ಕಾಲೇಜಿನಿಂದ ಟಿಸಿ ತೆಗೆದುಕೊಳ್ಳಿ. ಬೇರೆ ರಾಜ್ಯದಲ್ಲಿ ಇವೆರಡಿಲ್ಲದೆ ದಾಖಲಾತಿ ಪೂರ್ತಿ ಆಗುವುದು ಕಷ್ಟ. ಎಲ್ಲ ಮೂಲ ದಾಖಲೆ ಒಂದು ಫೈಲಿನಲ್ಲಿ, ಮೂರು ಸೆಟ್ ಜೆರಾಕ್ಸ್ ಇನ್ನೊಂದರಲ್ಲಿ. ತರಗತಿ ಶುರುವಾಗುವುದು ಜುಲೈ ಕೊನೆ, ಆಗಸ್ಟ್ ಹೊತ್ತಿಗೆ, ಅಂದರೆ ನಮ್ಮಲ್ಲಿ ಜಡಿಮಳೆ. ಫೈಲನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ, ಬ್ಯಾಗಿನ ನಡುವೆ ಬಟ್ಟೆಗಳ ಮಧ್ಯೆ ಇಡಿ. ಬಸ್ಸಿನ ಮೇಲಿನ ಕ್ಯಾರಿಯರ್‌ಗೆ ಆ ಬ್ಯಾಗ್ ಹಾಕಬೇಡಿ, ಮಡಿಲಲ್ಲೇ ಇಟ್ಟುಕೊಳ್ಳಿ.